ಹೊಸ ಔಷಧಿ ಹುಡುಕೋ ಓದು: ಬಿ.ಫಾರ್ಮ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಕೆಮಿಕಲ್ ಬಯಾಲಜಿ, ಯಾವುದು ಯಾರಿಗೆ?

"ಹೊಸ ಔಷಧಿ ಕಂಡುಹಿಡಿಯೋ ಕೆಲಸ ಮಾಡಬೇಕು, ಏನು ಓದಲಿ?" ಪಿಯುಸಿ ಮುಗಿಸಿದವರೂ ಕೇಳ್ತಾರೆ, ಬಿಎಸ್ಸಿ ಕೊನೆಯ ವರ್ಷದವರೂ ಕೇಳ್ತಾರೆ. ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಫಾರ್ಮಸಿಗೆ ಸೇರ್ಕೋ." ಔಷಧಿ ಅಂದ ಮೇಲೆ ಫಾರ್ಮಸಿ ತಾನೇ ಅನ್ನಿಸೋದು ಸಹಜ. ಆದರೆ ಬೆಂಗಳೂರಿನ ಔಷಧ ಸಂಶೋಧನಾ ಕಂಪನಿಗಳ ಲ್ಯಾಬ್‌ಗಳಲ್ಲಿ ಅಣುಗಳನ್ನು ತಯಾರಿಸುವ ಮೇಜಿನ ಮುಂದೆ ನಿಂತವರಲ್ಲಿ ಹೆಚ್ಚಿನವರು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವರು. ಇದು ಹಲವರಿಗೆ ಗೊತ್ತಾಗುವ ಹೊತ್ತಿಗೆ ಸೀಟು ತಗೊಂಡು ಎರಡು ವರ್ಷ ಆಗಿರುತ್ತೆ.

ಹಾಗಂತ ಫಾರ್ಮಸಿ ಬೇಡ ಅಂತಲ್ಲ. ಯಾವ ದಾರಿ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಗೊತ್ತಿರಲಿ ಅಂತ ಅಷ್ಟೇ.

ಎರಡು ಬೇರೆ ಪ್ರಶ್ನೆಗಳು

ಕೆಮಿಕಲ್ ಬಯಾಲಜಿ ಮತ್ತು ಡ್ರಗ್ ಡಿಸ್ಕವರಿ (ಹೊಸ ಔಷಧಿ ಹುಡುಕೋ ಕೆಲಸ) ಎರಡನ್ನೂ ಒಟ್ಟಿಗೇ ಹೇಳೋದು ರೂಢಿ. ಲ್ಯಾಬ್ ಒಂದೇ ಇರಬಹುದು, ಉಪಕರಣಗಳೂ ಒಂದೇ ಇರಬಹುದು. ಕೇಳುವ ಪ್ರಶ್ನೆ ಮಾತ್ರ ಬೇರೆ. ಕೆಮಿಕಲ್ ಬಯಾಲಜಿಯವರು ಒಂದು ಅಣುವನ್ನು ಹಿಡಿದುಕೊಂಡು, ಇದು ಜೀವಕೋಶದೊಳಗೆ ಏನು ಮಾಡುತ್ತೆ, ಯಾವ ಪ್ರೋಟೀನನ್ನು ಹಿಡಿಯುತ್ತೆ ಅಂತ ಕೇಳ್ತಾರೆ. ಡ್ರಗ್ ಡಿಸ್ಕವರಿಯವರಿಗೆ ಅಷ್ಟು ಸಾಲದು. ಅದೇ ಅಣುವನ್ನು ಮನುಷ್ಯ ನುಂಗಿದರೆ ಹೊಟ್ಟೆಯಲ್ಲಿ ಕರಗುತ್ತಾ, ರಕ್ತಕ್ಕೆ ಸೇರುತ್ತಾ, ಲಿವರ್ ಅದನ್ನು ಎಷ್ಟು ಬೇಗ ಒಡೆದುಹಾಕುತ್ತೆ, ಹೃದಯಕ್ಕೆ ತೊಂದರೆ ಮಾಡುತ್ತಾ ಅನ್ನೋದೆಲ್ಲ ಬೇಕು.

ಥಾಲಿಡೋಮೈಡ್ ಕಥೆ ಇದನ್ನು ಚೆನ್ನಾಗಿ ತೋರಿಸುತ್ತೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಗರ್ಭಿಣಿಯರು ವಾಕರಿಕೆಗೂ ತಗೊಂಡರು. ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. 1961ರಲ್ಲಿ ಮಾತ್ರೆಯನ್ನು ವಾಪಸ್ ಪಡೆದರು. ಆಮೇಲೆ ಅದೇ ಅಣು ಕುಷ್ಠರೋಗದ ಒಂದು ತೊಡಕಿಗೆ ಕೆಲಸ ಮಾಡುತ್ತೆ ಅಂತ ಗೊತ್ತಾಯಿತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು. ಅದರ ರಚನೆಯನ್ನು ಸ್ವಲ್ಪ ಬದಲಿಸಿ ಮಾಡಿದ ಲೆನಾಲಿಡೋಮೈಡ್ 2005ರಲ್ಲಿ ಔಷಧಿಯಾಯಿತು. ಇವತ್ತು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಅದು ಮುಖ್ಯ ಔಷಧಿ. ಇಷ್ಟೆಲ್ಲಾ ಆದರೂ, ಈ ಅಣು ದೇಹದಲ್ಲಿ ಯಾವ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದದ್ದು 2010ರಲ್ಲಿ, ಜಪಾನಿನ ಒಂದು ತಂಡ. ಅವರು ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಿಗೆ ಥಾಲಿಡೋಮೈಡ್ ಅಣುವನ್ನು ಅಂಟಿಸಿದರು. ಜೀವಕೋಶಗಳನ್ನು ಒಡೆದು ತೆಗೆದ ರಸಕ್ಕೆ ಆ ಮಣಿಗಳನ್ನು ಬೆರೆಸಿದರು. ತೊಳೆದ ಮೇಲೂ ಮಣಿಗೆ ಅಂಟಿಕೊಂಡು ಉಳಿದದ್ದು ಸೆರೆಬ್ಲಾನ್ ಎಂಬ ಪ್ರೋಟೀನ್. ಈ ಪ್ರಯೋಗ ಅಪ್ಪಟ ಕೆಮಿಕಲ್ ಬಯಾಲಜಿ. ಲೆನಾಲಿಡೋಮೈಡ್ ಮಾಡಿದ್ದು ಡ್ರಗ್ ಡಿಸ್ಕವರಿ. ಸೆರೆಬ್ಲಾನ್ ಸಿಕ್ಕಿದ್ದರಿಂದ, ಬೇಡದ ಪ್ರೋಟೀನನ್ನು ಜೀವಕೋಶವೇ ಒಡೆದುಹಾಕುವ ಹಾಗೆ ಮಾಡುವ ಹೊಸ ಬಗೆಯ ಔಷಧಿಗಳ ಸಂಶೋಧನೆಗೆ ದೊಡ್ಡ ಬಲ ಬಂತು. ಎರಡೂ ಒಂದನ್ನೊಂದು ಬೆಳೆಸುತ್ತವೆ. ಆದರೆ ಈ ಎರಡು ಕೆಲಸಗಳಲ್ಲಿ ಯಾವುದನ್ನು ಓದಿದಾಗ ನಿಮಗೆ ಹೆಚ್ಚು ಖುಷಿಯಾಯಿತು ಅಂತ ಗಮನಿಸಿ. ಮಣಿ ಅದ್ದಿ ಪ್ರೋಟೀನ್ ಹಿಡಿದದ್ದೋ, ಅಣುವಿನಲ್ಲಿ ಒಂದೆರಡು ಪರಮಾಣು ಬದಲಿಸಿ ಔಷಧಿ ಮಾಡಿದ್ದೋ? ಕೋರ್ಸ್ ಹುಡುಕಾಟ ಅಲ್ಲಿಂದ ಶುರು ಮಾಡಿದರೆ ಒಳ್ಳೆಯದು.

ದಿನವಿಡೀ ಕೈ ಏನು ಮಾಡುತ್ತೆ

ಪ್ರಾಸ್ಪೆಕ್ಟಸ್‌ನಲ್ಲಿ ಈ ವಿಷಯ ಬರೆದಿರಲ್ಲ. ಸಿಂಥೆಸಿಸ್ ಕೆಮಿಸ್ಟ್‌ (ಅಣುಗಳನ್ನು ತಯಾರಿಸುವವರು) ದಿನ ಅಂದರೆ ಫ್ಯೂಮ್ ಹುಡ್ (ಹೊಗೆ ಎಳೆದುಕೊಳ್ಳುವ ಗಾಜಿನ ಗೂಡು) ಮುಂದೆ ನಿಂತೇ ಇರೋದು. ರಿಯಾಕ್ಷನ್ ಹಾಕಬೇಕು. ಸ್ವಲ್ಪ ಹೊತ್ತಿಗೊಮ್ಮೆ ಮಿಶ್ರಣದಲ್ಲಿರೋದನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟ್ ಮೇಲೆ ಚುಕ್ಕೆ ಇಟ್ಟು, ಯುವಿ ದೀಪದ ಕೆಳಗೆ ಹಿಡಿದು, ಹಳೆಯ ಚುಕ್ಕೆ ಮಾಯವಾಯಿತಾ, ಹೊಸದು ಬಂತಾ ಅಂತ ನೋಡಬೇಕು. ಆಮೇಲೆ ಕಾಲಂ (ಪುಡಿ ತುಂಬಿದ ಗಾಜಿನ ಕೊಳವೆ) ಹಾಕಿ ಶುದ್ಧ ಮಾಡೋದು, ರೋಟಾ ಎಂಬ ಯಂತ್ರದಲ್ಲಿ ಸಾಲ್ವೆಂಟನ್ನು ಆವಿ ಮಾಡಿ ತೆಗೆಯೋದು, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರದ ಟ್ಯೂಬಿಗೆ ತುಂಬಿಸೋದು. ಬೇಕಾದ ಅಣು ಬಂದಿಲ್ಲ ಅಂತ ಸ್ಪೆಕ್ಟ್ರಮ್ ಹೇಳಿದರೆ ಮೊದಲಿಂದ ಮತ್ತೆ.

ಬಯಾಲಜಿ ಕಡೆಯವರ ದಿನ ಬೇರೆ ಥರ. ಜೀವಕೋಶಗಳನ್ನು ಬೆಳೆಸಬೇಕು, ಅವಕ್ಕೆ ಭಾನುವಾರ ಅನ್ನೋದಿಲ್ಲ. 96 ಗುಳಿಗಳ ಪ್ಲೇಟಿಗೆ ಪೈಪೆಟ್ ಹಿಡಿದು ಒಂದೊಂದೇ ಸಾಲು ತುಂಬಬೇಕು. ಪರೀಕ್ಷಿಸುವ ಅಣುವನ್ನು ಸಾಮಾನ್ಯವಾಗಿ ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿಸಿರುತ್ತಾರೆ. ಅದು ಜಾಸ್ತಿಯಾದರೆ ಜೀವಕೋಶ ಅದರಿಂದಲೇ ಸಾಯುತ್ತೆ, ನಮ್ಮ ಅಣುವಿಂದಲ್ಲ. ಆದ್ದರಿಂದ ಬರೀ ಡಿಎಂಎಸ್‌ಒ ಹಾಕಿದ ಗುಳಿಗಳೂ ಪ್ಲೇಟಿನಲ್ಲಿ ಇರಲೇಬೇಕು. ಇಂಥ ಸಣ್ಣ ಎಚ್ಚರಗಳ ಮೇಲೆಯೇ ಇಡೀ ಫಲಿತಾಂಶ ನಿಂತಿರುತ್ತೆ.

ಮೂರನೆಯದು ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಪ್ರೋಟೀನಿನ ರಚನೆ ಇಟ್ಟುಕೊಂಡು ಯಾವ ಅಣು ಎಲ್ಲಿ ಕೂರಬಹುದು ಅಂತ ಲೆಕ್ಕ ಹಾಕೋದು. 2024ರ ಕೆಮಿಸ್ಟ್ರಿ ನೊಬೆಲ್ ಬಹುಮಾನ ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೂ, ಪ್ರೋಟೀನ್ ರಚನೆ ಊಹಿಸುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಹೋದ ಮೇಲೆ ಇದರ ಮೇಲೆ ಎಲ್ಲರ ಕಣ್ಣೂ ಬಿದ್ದಿದೆ. ಆದರೆ ಲೆಕ್ಕ ಹೇಳಿದ ಅಣುವನ್ನು ಯಾರಾದರೂ ತಯಾರಿಸಬೇಕು, ಯಾರಾದರೂ ಪರೀಕ್ಷಿಸಬೇಕು. ಆ ಇಬ್ಬರ ಕಷ್ಟ ಗೊತ್ತಿರುವ ಕಂಪ್ಯೂಟರ್ ಪರಿಣತನಿಗೆ ಬೆಲೆ ಹೆಚ್ಚು.

ಪಿಯುಸಿ ಆದ ಮೇಲೆ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಪಿಸಿಎಂಬಿ ಓದ್ತಿದ್ದರೆ ಗಣಿತವನ್ನೂ ಬಿಡಬೇಡಿ, ಜೀವಶಾಸ್ತ್ರವನ್ನೂ ಬಿಡಬೇಡಿ. ಮುಂದಿನ ಬಾಗಿಲುಗಳಲ್ಲಿ ಕೆಲವು ಇದನ್ನು ಕೇಳುತ್ತವೆ, ಕೆಲವು ಅದನ್ನು.

ಬಿ.ಫಾರ್ಮ ನಾಲ್ಕು ವರ್ಷ, ಸಿಇಟಿ ಮೂಲಕ ಸೀಟು. ಪಠ್ಯಕ್ರಮ ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಮೆಡಿಸಿನಲ್ ಕೆಮಿಸ್ಟ್ರಿಯೂ (ಔಷಧಿ ಅಣುಗಳ ರಸಾಯನಶಾಸ್ತ್ರ) ಫಾರ್ಮಕಾಲಜಿಯೂ (ಔಷಧಿ ದೇಹದಲ್ಲಿ ಮಾಡುವ ಕೆಲಸದ ಓದು) ನಾಲ್ಕನೇ ಸೆಮಿಸ್ಟರ್‌ನಿಂದ ಆರನೆಯದರವರೆಗೆ ಬರುತ್ತವೆ. ಔಷಧಿ ದೇಹದಲ್ಲಿ ಏನು ಮಾಡುತ್ತೆ, ಮಾತ್ರೆ ಹೇಗೆ ತಯಾರಾಗುತ್ತೆ, ಕಾನೂನು ಏನು, ಇವೆಲ್ಲ ಒಟ್ಟಿಗೆ ಗೊತ್ತಾಗೋದು ಇಲ್ಲಿ ಮಾತ್ರ. ಬಿಎಸ್ಸಿಯವರಿಗೆ ಈ ಒಟ್ಟು ನೋಟ ಸಿಗಲ್ಲ. ಆದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುವುದರಿಂದ ಸಿಂಥೆಸಿಸ್‌ನಲ್ಲಿ ಕೈ ಪಳಗೋದು ಕಡಿಮೆ. ಆ ಕೊರತೆಯನ್ನು ಮುಂದೆ ಸ್ನಾತಕೋತ್ತರ ಓದಿನಲ್ಲಿ ತುಂಬಿಕೊಳ್ಳಬೇಕು.

ಫಾರ್ಮ್.ಡಿ ಬಗ್ಗೆ ಒಂದು ಎಚ್ಚರಿಕೆ. ಹೆಸರಿನಲ್ಲಿ ಡಾಕ್ಟರ್ ಇದೆ, ಆರು ವರ್ಷದ ಕೋರ್ಸ್. ಆದರೆ ಅದು ಆಸ್ಪತ್ರೆಯ ಕೆಲಸಕ್ಕೆ ರೂಪಿಸಿದ್ದು: ರೋಗಿಗೆ ಕೊಟ್ಟ ಔಷಧಿಗಳು ಒಂದಕ್ಕೊಂದು ಹೊಂದುತ್ತವಾ, ಡೋಸ್ ಸರಿಯಿದೆಯಾ ಅನ್ನೋದು ಅಲ್ಲಿಯ ಮುಖ್ಯ ಚಿಂತೆ. ಒಳ್ಳೆಯ ಕೆಲಸ, ಬೇಕಾದ ಕೆಲಸ. ಹೊಸ ಅಣು ಹುಡುಕುವ ಆಸೆಯಿಂದ ಅಲ್ಲಿಗೆ ಸೇರಿದರೆ ಮಾತ್ರ ನಿರಾಸೆಯಾಗುತ್ತೆ.

ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್ ನನ್ನ ಕಣ್ಣಲ್ಲಿ ಕೆಮಿಕಲ್ ಬಯಾಲಜಿಗೆ ಅತ್ಯುತ್ತಮ ದಾರಿ. ಮೊದಲು ಎಲ್ಲ ವಿಜ್ಞಾನಗಳನ್ನೂ ಓದಿಸ್ತಾರೆ, ಆಮೇಲೆ ಆರಿಸಿಕೊಳ್ಳೋಕೆ ಬಿಡ್ತಾರೆ. ಕೊನೆಯ ವರ್ಷ ಬಹುಪಾಲು ಲ್ಯಾಬ್‌ನಲ್ಲೇ. ಕೆಮಿಸ್ಟ್ರಿ ವಿಭಾಗದಲ್ಲಿದ್ದುಕೊಂಡೇ ಬಯಾಲಜಿ ವಿಭಾಗದ ಕೋರ್ಸ್ ತಗೊಳ್ಳಬಹುದು. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಕೂಡ ಇದೇ ಜಾತಿಯದು. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಐಸರ್‌ಗೆ ಐಎಟಿ ಎಂಬ ಬೇರೆಯೇ ಪರೀಕ್ಷೆ ಬರೀಬೇಕು. ನಮ್ಮಲ್ಲಿ ನೀಟ್, ಸಿಇಟಿ ಗಡಿಬಿಡಿಯಲ್ಲಿ ಇದರ ಅರ್ಜಿ ದಿನಾಂಕ ದಾಟಿಹೋಗೋದು ಮಾಮೂಲು. ನೆನಪಿಟ್ಟುಕೊಳ್ಳಿ.

ಇದ್ಯಾವುದೂ ಸಿಗದಿದ್ದರೆ? ಊರಿನ ಹತ್ತಿರದ ಒಳ್ಳೆಯ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಇರುವ ಬಿಎಸ್ಸಿ ಸೇರಿ. ಜೊತೆಗೆ ಬಯೋಕೆಮಿಸ್ಟ್ರಿಯೋ ಮೈಕ್ರೋಬಯಾಲಜಿಯೋ ಇದ್ದರೆ ಇನ್ನೂ ಒಳ್ಳೆಯದು. ಖರ್ಚು ಕಡಿಮೆ, ಮುಂದಿನ ಬಾಗಿಲುಗಳೂ ತೆರೆದೇ ಇರುತ್ತವೆ. ಬರೀ ಬಯೋಟೆಕ್ನಾಲಜಿ ತಗೊಂಡು ಕೆಮಿಸ್ಟ್ರಿ ಬಿಟ್ಟುಬಿಡೋದು ಮಾತ್ರ ಈ ಕ್ಷೇತ್ರಕ್ಕೆ ಸರಿ ಅನ್ನಿಸಲ್ಲ. ಕೆಮಿಸ್ಟ್ರಿ ಗಟ್ಟಿಯಾಗಿ ಕಲಿತವರು ಆಮೇಲೆ ಬಯಾಲಜಿ ಹಿಡಿದುಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ. ಉಲ್ಟಾ ದಾರಿಯಲ್ಲಿ, ಅಂದರೆ ಇಪ್ಪತ್ತೈದನೇ ವಯಸ್ಸಿಗೆ ರಿಯಾಕ್ಷನ್ ಮೆಕ್ಯಾನಿಸಂ (ರಿಯಾಕ್ಷನ್ ಹಂತಹಂತವಾಗಿ ಹೇಗೆ ನಡೆಯುತ್ತೆ ಅನ್ನೋದು) ಶುರುಮಾಡಿ ಗೆದ್ದವರು ಅಪರೂಪ.

ಬಿಎಸ್ಸಿ ಅಥವಾ ಬಿ.ಫಾರ್ಮ ಆದ ಮೇಲೆ

ಬೇಗ ಕೆಲಸ ಬೇಕು, ಮನೆಯಲ್ಲಿ ದುಡಿಯುವವರು ಕಡಿಮೆ ಅನ್ನೋರಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಎಸ್ಸಿಯಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಮೈಸೂರು, ಮಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಓದಿದ ಎಷ್ಟೋ ಜನ ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿದ್ದಾರೆ. ಸಿಂಜೀನ್, ಆರಿಜೀನ್, ಜುಬಿಲಂಟ್ ಬಯೋಸಿಸ್, ಆಂಥೆಮ್ ಬಯೋಸೈನ್ಸಸ್, ಇವೆಲ್ಲ ಬೆಂಗಳೂರಿನಲ್ಲೇ ಇವೆ. ಇಂಥ ಕಂಪನಿಗಳ ಕೆಲಸದ ದೊಡ್ಡ ಪಾಲು ಹೊರದೇಶದ ಔಷಧ ಕಂಪನಿಗಳಿಗಾಗಿ ಅಣುಗಳನ್ನು ತಯಾರಿಸಿ, ಪರೀಕ್ಷಿಸಿ ಕೊಡೋದು. ಹಾಗಾಗಿ ಹೊಸಬರನ್ನು ಹೆಚ್ಚಾಗಿ ತಗೊಳ್ಳೋದು ಸಿಂಥೆಸಿಸ್‌ಗೆ. ಇಂಟರ್‌ವ್ಯೂನಲ್ಲಿ ಕೇಳೋದು ಮೆಕ್ಯಾನಿಸಂ ಬರೆ, ಎನ್‌ಎಂಆರ್ ಓದು, ಈ ಅಣುವನ್ನು ಯಾವ ದಾರಿಯಲ್ಲಿ ಮಾಡ್ತೀಯ, ಇಂಥವು.

ಆದರೆ ಅಲ್ಲಿ ಒಂದು ಮಿತಿಯಿದೆ. ಯಾವ ಅಣು ಮಾಡಬೇಕು ಅಂತ ತೀರ್ಮಾನಿಸುವವರು ಬೇರೆ, ಮಾಡುವವರು ಬೇರೆ. ಎಂಎಸ್ಸಿ ಒಂದರಿಂದಲೇ ಆ ತೀರ್ಮಾನದ ಮೇಜಿಗೆ ಹೋಗೋಕೆ ವರ್ಷಗಟ್ಟಲೆ ಬೇಕು. ಪಿಎಚ್‌ಡಿ ಇದ್ದರೆ ಆ ದಾರಿ ಬೇಗ ಸವೆಯುತ್ತೆ. ಇದನ್ನು ತಿಳಿದೇ ಸೇರಿದವರು ಎರಡು ಮೂರು ವರ್ಷ ಕೆಲಸ ಮಾಡಿ, ಕೈ ಪಳಗಿಸಿಕೊಂಡು ಪಿಎಚ್‌ಡಿಗೆ ಹೋಗ್ತಾರೆ. ಅದೂ ಒಳ್ಳೆಯ ಲೆಕ್ಕಾಚಾರವೇ.

ಬಿ.ಫಾರ್ಮ ಮಾಡಿದವರಿಗೆ ನೈಪರ್ ಎಂಬ ಕೇಂದ್ರ ಸರ್ಕಾರದ ಔಷಧ ವಿಜ್ಞಾನ ಸಂಸ್ಥೆ ಇದೆ. ದೇಶದಲ್ಲಿ ಏಳು ಕಡೆ ಇದೆ, ಮೊದಲನೆಯದು ಮೊಹಾಲಿ, ನಮಗೆ ಹತ್ತಿರದ್ದು ಹೈದರಾಬಾದ್. ಅಲ್ಲಿಯ ಎರಡು ವರ್ಷದ ಎಂ.ಎಸ್. ಫಾರ್ಮ್‌ನ ಮೆಡಿಸಿನಲ್ ಕೆಮಿಸ್ಟ್ರಿ ಶಾಖೆ ನೇರವಾಗಿ ಡ್ರಗ್ ಡಿಸ್ಕವರಿಗೇ ತಯಾರು ಮಾಡುವಂಥದ್ದು. ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಎಸ್ಸಿ ಆದವರಿಗೂ ಅಲ್ಲಿ ಜಾಗವಿದೆ. ಜಿಪ್ಯಾಟ್ (ಫಾರ್ಮಸಿ ಪದವೀಧರರ ರಾಷ್ಟ್ರಮಟ್ಟದ ಪರೀಕ್ಷೆ), ಗೇಟ್ ಅಥವಾ ನೆಟ್ ಪಾಸಾಗಿರಬೇಕು, ನೈಪರ್‌ನ ಪ್ರವೇಶ ಪರೀಕ್ಷೆಯನ್ನೂ ಬರೀಬೇಕು. ಜಿಪ್ಯಾಟ್ ಪಾಸಾಗಿ ಎಂ.ಫಾರ್ಮ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತೆ. ಎಂ.ಫಾರ್ಮದಲ್ಲಿ ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿ ಅಥವಾ ಫಾರ್ಮಕಾಲಜಿ ತಗೊಂಡವರು ಸಂಶೋಧನೆ ಕಡೆ ಬರ್ತಾರೆ. ಫಾರ್ಮಾಸ್ಯುಟಿಕ್ಸ್ ತಗೊಂಡವರು ಮಾತ್ರೆ, ಕ್ಯಾಪ್ಸೂಲ್ ರೂಪಿಸುವ ಕಡೆ ಹೋಗ್ತಾರೆ.

ಸಂಶೋಧನೆಯೇ ಬೇಕು, ಆರೇಳು ವರ್ಷ ಕೊಡೋಕೆ ಸಿದ್ಧ ಅನ್ನೋ ಬಿಎಸ್ಸಿಯವರು ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಟಿಗ್ರೇಟೆಡ್ ಪಿಎಚ್‌ಡಿ (ಸ್ನಾತಕೋತ್ತರ ಓದು, ಪಿಎಚ್‌ಡಿ ಎರಡೂ ಒಟ್ಟಿಗೆ) ನೋಡಿ. ಐಐಎಸ್‌ಸಿಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರ, ಅಂದರೆ ಜೆಎನ್‌ಸಿಎಎಸ್‌ಆರ್‌ನಲ್ಲೂ ಇದೆ. ಓದುವಾಗಲೇ ಸ್ಟೈಪೆಂಡ್ ಬರುತ್ತೆ. ಜೆಎನ್‌ಸಿಎಎಸ್‌ಆರ್‌ನಲ್ಲಿ ಟಿ. ಗೋವಿಂದರಾಜು ಅವರ ತಂಡ ಆಲ್ಝೈಮರ್ ಕಾಯಿಲೆಗಾಗಿ ರೂಪಿಸಿದ ಟಿಜಿಆರ್63 ಎಂಬ ಅಣು ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳನ್ನು ಕಡಿಮೆ ಮಾಡಿತು. ಒಂದೇ ಲ್ಯಾಬ್‌ನಲ್ಲಿ ಅಣು ಕಟ್ಟೋದನ್ನೂ, ಅದು ಜೀವದೊಳಗೆ ಏನು ಮಾಡುತ್ತೆ ಅನ್ನೋದನ್ನೂ ಕಲಿಯೋಕೆ ಇಂಥ ಕಡೆ ಮಾತ್ರ ಸಾಧ್ಯ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಸ್ಥೆಯ ಒಂದು ಕೆಲಸವನ್ನೂ ಇಲ್ಲಿ ಹೇಳಲೇಬೇಕು. ಹೊಲದಲ್ಲಿ ಔಷಧಿ ಹೊಡೆಯುವ ರೈತರ ಚರ್ಮದ ಮೂಲಕ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕ ದೇಹದೊಳಕ್ಕೆ ಹೋಗುತ್ತೆ. ನರಗಳಿಗೆ ಅತಿ ಮುಖ್ಯವಾದ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತೆ. ಪ್ರವೀಣ್ ವೇಮುಲ ಅವರ ತಂಡ ಇದಕ್ಕೆ ನುಂಗುವ ಔಷಧಿ ಹುಡುಕಲಿಲ್ಲ. ಕೀಟನಾಶಕ ಒಳಗೆ ಇಳಿಯುವ ಮೊದಲೇ, ಚರ್ಮದ ಮೇಲೇ ಅದನ್ನು ಒಡೆದುಹಾಕುವ ರಾಸಾಯನಿಕ ಗುಂಪುಗಳಿರುವ ಜೆಲ್ ಮಾಡಿದರು. 2018ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಅದೇ ಯೋಚನೆ ಮುಂದೆ ಬಟ್ಟೆಗೆ ಬಂತು. 2024ರಲ್ಲಿ ಕಿಸಾನ್ ಕವಚ್ ಎಂಬ ಉಡುಪು ಬಿಡುಗಡೆಯಾಯಿತು. ಕೆಮಿಸ್ಟ್ರಿ ಮೆಕ್ಯಾನಿಸಂ ಗೊತ್ತಿರಬೇಕು, ಕಿಣ್ವದ ಕೆಲಸ ಗೊತ್ತಿರಬೇಕು, ರೈತನ ಮೈಮೇಲೆ ಏನಾಗ್ತಿದೆ ಅಂತಲೂ ಗೊತ್ತಿರಬೇಕು. ಕೆಮಿಕಲ್ ಬಯಾಲಜಿ ಓದಿ ಏನು ಮಾಡ್ತೀಯ ಅಂತ ಮನೆಯಲ್ಲಿ ಕೇಳಿದರೆ ನಾನಂತೂ ಇದನ್ನೇ ಹೇಳ್ತೀನಿ.

ವಿಭಾಗ ಹೇಗಿದೆ ಅಂತ ಅಳೆಯೋದು

ಕೋರ್ಸ್ ಹೆಸರಿಗಿಂತ ವಿಭಾಗ ಮುಖ್ಯ. ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್‌ಗಳ ಪಟ್ಟಿ ಕೇಳಿ ತಗೊಳ್ಳಿ. ಎಲ್ಲವೂ ಬರೀ ಡಾಕಿಂಗ್ ಆಗಿದ್ದರೆ, ಅಂದರೆ ಕಂಪ್ಯೂಟರ್‌ನಲ್ಲಿ ಪ್ರೋಟೀನಿಗೆ ಅಣು ಕೂರಿಸಿ ಸ್ಕೋರ್ ನೋಡಿ ಮುಗಿಸಿದ್ದರೆ, ಅಲ್ಲಿ ಲ್ಯಾಬ್ ಸೌಕರ್ಯ ಕಡಿಮೆ ಅನ್ನೋ ಅನುಮಾನ ಬರಬೇಕು. ಡಾಕಿಂಗ್ ಸ್ಕೋರ್ ಒಂದು ಊಹೆ. ಪರೀಕ್ಷಿಸದ ಊಹೆಯನ್ನು ಫಲಿತಾಂಶ ಅಂತ ಬರೆಯೋ ಅಭ್ಯಾಸ ವಿದ್ಯಾರ್ಥಿಗೆ ಬಿದ್ದರೆ ಬಿಡಿಸೋದು ಕಷ್ಟ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಅಲ್ಲಿಯ ಮೇಷ್ಟ್ರ ಹತ್ತಿರ ಕರ್ಕ್ಯುಮಿನ್ ಬಗ್ಗೆ ಮಾತು ತೆಗೆಯಿರಿ. ನಮ್ಮ ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಅಣು ಅದು. ಕ್ಯಾನ್ಸರ್‌ನಿಂದ ಹಿಡಿದು ಆಲ್ಝೈಮರ್‌ವರೆಗೆ ಎಲ್ಲದಕ್ಕೂ ಕೆಲಸ ಮಾಡುತ್ತೆ ಅಂತ ಸಾವಿರಾರು ಪ್ರಬಂಧಗಳಿವೆ. ತೊಂದರೆ ಏನೆಂದರೆ ಕರ್ಕ್ಯುಮಿನ್ ತಾನೇ ಬೆಳಕು ಸೂಸುತ್ತೆ, ಹಾಗಾಗಿ ಬೆಳಕು ಅಳೆದು ಫಲಿತಾಂಶ ಹೇಳುವ ಪರೀಕ್ಷೆಗಳನ್ನು ಕೆಡಿಸುತ್ತೆ. ಸಿಕ್ಕ ಸಿಕ್ಕ ಪ್ರೋಟೀನ್‌ಗಳ ಜೊತೆ ರಿಯಾಕ್ಟ್ ಆಗುತ್ತೆ. ನೀರಿನಲ್ಲಿ ಬೇಗ ಒಡೆದುಹೋಗುತ್ತೆ. ನುಂಗಿದರೆ ರಕ್ತಕ್ಕೆ ಸೇರೋದು ಅತ್ಯಲ್ಪ. 2017ರಲ್ಲಿ ಮೆಡಿಸಿನಲ್ ಕೆಮಿಸ್ಟ್‌ಗಳ ಒಂದು ದೊಡ್ಡ ವಿಮರ್ಶಾ ಲೇಖನ ಇದನ್ನೆಲ್ಲ ಒಂದೊಂದಾಗಿ ಬಿಡಿಸಿಟ್ಟಿತು. ಅರಿಶಿನದ ಮೇಲೆ ನಮಗಿರುವ ಪ್ರೀತಿ ಬೇರೆ, ಔಷಧಿಯ ಅಣುವಾಗುವ ಯೋಗ್ಯತೆ ಬೇರೆ. ಈ ಮಾತನ್ನು ಸಮಾಧಾನದಿಂದ ಬಿಡಿಸಿ ಹೇಳುವ ಮೇಷ್ಟ್ರು ಸಿಕ್ಕರೆ ಅಂಥ ವಿಭಾಗ ಬಿಡಬೇಡಿ. "ಕರ್ಕ್ಯುಮಿನ್ ಎಲ್ಲದಕ್ಕೂ ಒಳ್ಳೇದು, ಅದರ ಮೇಲೇ ಪ್ರಾಜೆಕ್ಟ್ ಮಾಡು" ಅಂದರೆ ಇನ್ನೊಂದು ಕಡೆ ನೋಡಿ.

ಎನ್‌ಎಂಆರ್ ಯಂತ್ರ ಇದೆಯಾ ಅಂತ ಎಲ್ಲರೂ ಕೇಳ್ತಾರೆ. ವಿದ್ಯಾರ್ಥಿಗೆ ಅದನ್ನು ಮುಟ್ಟೋಕೆ ಬಿಡ್ತಾರಾ ಅಂತ ಕೇಳಿ.

ಹೊರದೇಶ

ಬ್ರಿಟನ್ನಿನ ಎಂಎಸ್ಸಿ ಒಂದೇ ವರ್ಷ. ಬೇಗ ಮುಗಿಯುತ್ತೆ, ಖರ್ಚು ಮಾತ್ರ ಹೆಚ್ಚು, ಸ್ಕಾಲರ್‌ಶಿಪ್ ಕಡಿಮೆ. ಅಲ್ಲಿ ಡ್ರಗ್ ಡಿಸ್ಕವರಿ ಅನ್ನೋ ಹೆಸರಿನ ಕೋರ್ಸ್‌ಗಳು ಬೇಕಾದಷ್ಟಿವೆ. ಕೆಲವು ತರಗತಿಯ ಪಾಠವೇ ಹೆಚ್ಚಿರುವವು, ಕೆಲವು ಲ್ಯಾಬ್ ಕೆಲಸವೇ ಮುಖ್ಯವಾದವು. ಎಂ.ರೆಸ್ (MRes, ಮಾಸ್ಟರ್ ಆಫ್ ರಿಸರ್ಚ್) ಅಂತ ಇರುವ ಕೋರ್ಸ್‌ಗಳು ಎರಡನೇ ಜಾತಿಯವು. ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಅವನ್ನೇ ನೋಡಿ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ವಿಶ್ವವಿದ್ಯಾಲಯದೊಳಗೇ ಕಂಪನಿಯ ಶಿಸ್ತಿನಲ್ಲಿ ನಡೆಯುವ ಡ್ರಗ್ ಡಿಸ್ಕವರಿ ಯುನಿಟ್ ಅಲ್ಲಿದೆ. ಮಲೇರಿಯಾಕ್ಕೆ ಕ್ಯಾಬಮಿಕ್ವಿನ್ ಎಂಬ ಹೊಸ ಅಣು ಹುಟ್ಟಿದ್ದು ಅಲ್ಲೇ. ಲಾಭ ಕಡಿಮೆ ಅಂತ ಕಂಪನಿಗಳು ಕೈಹಾಕದ ಬಡವರ ಕಾಯಿಲೆಗಳ ಮೇಲೆ ಕೆಲಸ ಮಾಡುವ ಆಸೆಯಿದ್ದವರು ಗಮನಿಸಬೇಕಾದ ಜಾಗ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಡಾರ್ಟ್ಮಂಡ್‌ನಲ್ಲಿ ಕೆಮಿಕಲ್ ಬಯಾಲಜಿಯದ್ದೇ ಪದವಿ ಇದೆ, ಪಕ್ಕದಲ್ಲೇ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೂ ಇದೆ. ಜರ್ಮನಿಗೆ ಹೋಗೋಕೆ ಮೊದಲು, ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಮಾಡಿಸಬೇಕು, ತಿಂಗಳುಗಟ್ಟಲೆ ಮುಂಚೆಯೇ. ಪಾಠ ಯಾವ ಭಾಷೆಯಲ್ಲಿ ಅಂತಲೂ ನೋಡಿಕೊಳ್ಳಿ.

ಅಮೆರಿಕಕ್ಕೆ ಹೋಗೋದಾದರೆ ಸಾಲ ಮಾಡಿ ಮಾಸ್ಟರ್ಸ್‌ಗೆ ಹೋಗುವ ಬದಲು ನೇರ ಪಿಎಚ್‌ಡಿಗೆ ಅರ್ಜಿ ಹಾಕಿ ಅನ್ನೋದು ನನ್ನ ಸಲಹೆ. ಪಿಎಚ್‌ಡಿಗೆ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡೋದು ಅಲ್ಲಿಯ ರೂಢಿ. ಹಾರ್ವರ್ಡ್, ಮಿಷಿಗನ್‌ಗಳಲ್ಲಿ ಕೆಮಿಕಲ್ ಬಯಾಲಜಿಗೇ ಪ್ರತ್ಯೇಕ ಪಿಎಚ್‌ಡಿ ಇದೆ. ನ್ಯೂಯಾರ್ಕ್‌ನಲ್ಲಿ ರಾಕಫೆಲರ್, ಸ್ಲೋನ್ ಕೆಟರಿಂಗ್, ವೈಲ್ ಕಾರ್ನೆಲ್ ಮೂರೂ ಸೇರಿ ನಡೆಸುವ ಕಾರ್ಯಕ್ರಮವಿದೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಇಲ್ಲೊಂದು ತೊಡಕು. 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನಾಲ್ಕು ವರ್ಷದ ಪದವಿ ಕೇಳುವ ಕಡೆ ಮೂರು ವರ್ಷದ ಬಿಎಸ್ಸಿ ಒಂದೇ ಸಾಲದೆ ಹೋಗಬಹುದು. ಎಂಎಸ್ಸಿ ಮುಗಿಸಿ ಅರ್ಜಿ ಹಾಕಿದರೆ ಈ ಚಿಂತೆ ಇಲ್ಲ. ಬಿ.ಫಾರ್ಮದವರಿಗೆ ನಾಲ್ಕು ವರ್ಷ ಹೇಗೂ ಆಗಿರುತ್ತೆ.

ತೀರ್ಮಾನಕ್ಕೆ ಮೊದಲು ಒಂದು ಬೇಸಿಗೆ

ಇನ್ನೂ ಗೊಂದಲ ಇದ್ದರೆ, ಪದವಿ ಓದುವಾಗಲೇ ಒಂದು ಬೇಸಿಗೆಯನ್ನು ಲ್ಯಾಬ್‌ನಲ್ಲಿ ಕಳೆಯಿರಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಸಮ್ಮರ್ ಫೆಲೋಶಿಪ್ ಕೊಡುತ್ತೆ. ಜೆಎನ್‌ಸಿಎಎಸ್‌ಆರ್ ಕೂಡ ಕೊಡುತ್ತೆ. ಸಣ್ಣ ಊರಿನ ಕಾಲೇಜಿನವರೂ ಅರ್ಜಿ ಹಾಕಬಹುದು. ಅರ್ಜಿಗಳು ಬೇಸಿಗೆಗೆ ಬಹಳ ಮುಂಚೆಯೇ ಮುಗಿದುಹೋಗುತ್ತವೆ, ಆದ್ದರಿಂದ ದೀಪಾವಳಿ ಹೊತ್ತಿಗೇ ಅವರ ವೆಬ್‌ಸೈಟ್ ನೋಡೋಕೆ ಶುರು ಮಾಡಿ. ಅರ್ಜಿಯ ಜೊತೆ ಕೊಡುವ ಬರಹದಲ್ಲಿ "ನನಗೆ ವಿಜ್ಞಾನದಲ್ಲಿ ಆಸಕ್ತಿ" ಅಂತ ಸುಮ್ನೆ ತುಂಬಬೇಡಿ. ನೀವು ಓದಿದ ಒಂದು ಅಣುವಿನ ಹೆಸರು ಬರೆಯಿರಿ. ಅದರ ಬಗ್ಗೆ ನಿಮಗೆ ಅರ್ಥವಾಗದೆ ಉಳಿದ ಪ್ರಶ್ನೆ ಯಾವುದು ಅಂತ ಬರೆಯಿರಿ. ಅಲ್ಲಿ ಸಿಂಥೆಸಿಸ್ ಲ್ಯಾಬ್ ಸಿಕ್ಕಿದರೆ ಪಕ್ಕದ ಬಯಾಲಜಿ ಲ್ಯಾಬ್‌ಗೂ, ಬಯಾಲಜಿ ಲ್ಯಾಬ್ ಸಿಕ್ಕಿದರೆ ಸಿಂಥೆಸಿಸ್‌ನವರ ಹತ್ತಿರವೂ ಹೋಗಿ, ಒಂದು ವಾರ ಜೊತೆಯಲ್ಲಿ ನಿಂತು ನೋಡಲಾ ಅಂತ ಕೇಳಿ. ಅಲ್ಲಿರುವ ಪಿಎಚ್‌ಡಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬೇಡ ಅನ್ನಲ್ಲ.